ಹೊಗೆಗೂಡು ಇದೆ, ಒಲೆ ಇಲ್ಲ

1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ರಾಜನನ್ನು ಇಳಿಸಲು ಬಂದಿದ್ದ ಕರ್ನಲ್ ಫ್ರೇಸರನ ಹೆಸರು ನಮ್ಮೂರಿನ ಹಣೆಗೆ ಅಂಟಿತು: ಫ್ರೇಸರ್‌ಪೇಟೆ. ಆಮೇಲೆ ಅದನ್ನು ಕಿತ್ತೆಸೆದು ಕುಶಾಲನಗರ ಅಂದೆವು. ಎದೆಯುಬ್ಬಿಸಿದೆವು. ಈಗ ಮೊನ್ನೆ ಮೊನ್ನೆ ಕಾಂಕ್ರೀಟು ಸುರಿದ ಹೋಂಸ್ಟೇಗೆ ‘ಕಲೋನಿಯಲ್ ಬಂಗಲೆ’ ಎಂದು ಬೋರ್ಡು. ದೊರೆಯ ಹೆಸರು ಬೇಡ. ದೊರೆಯ ವರಾಂಡ ಬೇಕು, ಅದೂ ರಾತ್ರಿಗಿಷ್ಟು ಬಾಡಿಗೆಗೆ.

ಆ ಹುಚ್ಚು ಸಾಲದು ಅಂತ ಹೆದ್ದಾರಿ ಬದಿಯ ಅಂಗಡಿಯಲ್ಲಿ ಜೇನು, ಕಾಫಿಪುಡಿ, ಹೋಂಮೇಡ್ ಚಾಕಲೇಟಿನ ಪಕ್ಕ ಒಂದು ಗೇಣುದ್ದದ ಮನೆ ಕೂತಿದೆ. ಅಮೆರಿಕದ ಹಳೇ ವಸಾಹತು ಮನೆಯ ನಕಲು. ಕಡಿದಾದ ಮಾಡು, ನಟ್ಟನಡುವೆ ಹೊಗೆಗೂಡು, ಬಿಳಿ ಬೇಲಿ. ಮಾಡಿನ ಮೇಲೆ ಹಿಮ. ಅಡಿಯಲ್ಲಿ ‘ಕೂರ್ಗ್’ ಎಂಬ ಚೀಟಿ.

ಕೊಡಗಿನಲ್ಲಿ ಹಿಮ ಬಿದ್ದದ್ದು ಯಾವ ವರ್ಷ, ಸ್ವಾಮಿ?

17ನೇ ಶತಮಾನದಲ್ಲಿ ನ್ಯೂ ಇಂಗ್ಲೆಂಡ್ ಸೇರಿದ ಇಂಗ್ಲಿಷರು ಚಳಿ ತಾಳಲಾರದೆ ಮನೆಯ ಮಧ್ಯೆ ಒಲೆ ಹೂಡಿ ಸುತ್ತ ಕೋಣೆ ಕಟ್ಟಿಕೊಂಡರು. ಅವರಿಗೆ ಬೇರೆ ಗತಿ ಇರಲಿಲ್ಲ. ನಮಗೇನು ಧಾಡಿ? ಅಮೆರಿಕದವರು 1926ರಿಂದ ರಾಕ್‌ಫೆಲರನ ದುಡ್ಡಿನಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಊರಿಗೆ ಊರನ್ನೇ ದುರಸ್ತಿ ಮಾಡಿಸಿದರು. ಆಟಿಕೆ ಮಾಡಿಕೊಳ್ಳಲಿ, ಹಕ್ಕಿದೆ.

ನಮ್ಮಲ್ಲಿ ಐನ್‌ಮನೆಗಳಿವೆ, ಕೊಡವ ಒಕ್ಕಗಳ ಅಂದರೆ ಕುಲಗಳ ಹಿರಿಮನೆಗಳು. ಕೈಯಾಲೆ ಎಂಬ ಜಗಲಿಯ ಐಮರದ ಹಲಗೆಯಲ್ಲಿ ಕೂತು ಹಿರಿಯರು ವ್ಯಾಜ್ಯ ಬಗೆಹರಿಸುತ್ತಿದ್ದರು. ನೆಲ್ಲಕ್ಕಿ ಬಾಡೆ ಎಂಬ ನಡುಕೋಣೆಯಲ್ಲಿ ತೂಕ್ ಬೊಳಕ್ ಎಂಬ ತೂಗುದೀಪ ಉರಿಯುತ್ತಿತ್ತು. ಚೆನ್ನಾಗಿ ಇಟ್ಟುಕೊಂಡಿರುವ ಒಕ್ಕಗಳಿಗೆ ದೊಡ್ಡ ನಮಸ್ಕಾರ. ಉಳಿದ ಕಡೆ ಹೆಂಚು ಜಾರಿದೆ, ಗೆದ್ದಲು ಕಂಬ ಹತ್ತಿದೆ. ದುರಸ್ತಿಗೆ ಕಾಸೆತ್ತೋಣ ಅನ್ನಿ. ಒಕ್ಕದ ಅರ್ಧ ಜನ ಬೆಂಗಳೂರಿನಲ್ಲಿ, ಇನ್ನರ್ಧ ಕೋರ್ಟಿನಲ್ಲಿ. ಆದರೆ ‘ಪರಂಪರೆ’ ಎಂಬ ಭಾಷಣಕ್ಕೆ ಎಲ್ಲರೂ ಹಾಜರು, ಊಟ ಇದ್ದರಂತೂ ಮೊದಲ ಸಾಲಿನಲ್ಲಿ.

2018ರ ಆಗಸ್ಟಿನಲ್ಲಿ ಕಾವೇರಿ ನಮ್ಮೂರಿನ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನುಗ್ಗಿದಳು. ಮರುವರ್ಷ ಮತ್ತೆ ಬಂದಳು. ಹೊಳೆಯ ಮಗ್ಗುಲಲ್ಲಿ ಸೈಟು ಹಂಚುವಾಗ ಯಾರಿಗೂ ಹೊಳೆ ಕಂಡಿರಲಿಲ್ಲ. ನೀರಿಳಿದ ಮೇಲೆ ಜನ ಕೆಸರು ಬಳಿದು ಹಾಕಿದರು, ಸುಣ್ಣ ಹೊಡೆಸಿದರು, ಹೊಸ ಷೋಕೇಸು ತಂದರು. ಷೋಕೇಸಿಗೊಂದು ಅಮೆರಿಕದ ಮನೆ.

ಅಂಗಡಿಯ ಹುಡುಗ ಮಾತ್ರ ಪ್ರಾಮಾಣಿಕ. ಪೇಪರು ಸುತ್ತಿಕೊಡುತ್ತಾ ಎಚ್ಚರಿಸುತ್ತಾನೆ: “ನೀರು ತಾಗಿಸ್ಬೇಡಿ ಸಾರ್, ಬಣ್ಣ ಬಿಡುತ್ತೆ.”