ಪೆಟ್ರಾದಲ್ಲಿ ಪುಳಿಯೋಗರೆ

ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರ ಮೇಲೆ ಹಳೆಯದೊಂದು ಆರೋಪವಿದೆ: ಇವರಿಗೆ ದುಡಿಯಲು ಬರುತ್ತದೆ, ಉಳಿಸಲು ಬರುತ್ತದೆ, ಪ್ರವಾಸ ಮಾಡಲು ಮಾತ್ರ ಬರುವುದಿಲ್ಲ. ಈದ್ ರಜೆ ಸಿಕ್ಕಿತೆಂದರೆ ದುಬೈಯಿಂದ ಜೋರ್ಡಾನಿಗೆ ಹಾರುತ್ತಾರೆ, ಅಮ್ಮಾನಿನಿಂದ ಮೂರು ಗಂಟೆ ವ್ಯಾನಿನಲ್ಲಿ ಕುಲುಕಾಡಿ ಪೆಟ್ರಾ ಎಂಬ ಪಾಳುನಗರ ಮುಟ್ಟುತ್ತಾರೆ. ಮುಟ್ಟಿ ಮಾಡುವುದೇನು? ಯಜಮಾನರು ಟಿಕೆಟ್ಟಿನ ದರವನ್ನು ದಿನಾರಿನಿಂದ ದಿರ್ಹಾಮಿಗೆ, ದಿರ್ಹಾಮಿನಿಂದ ರೂಪಾಯಿಗೆ ಇಳಿಸಿ ಎದೆ ಹಿಡಿದುಕೊಳ್ಳುತ್ತಾರೆ. ಮನೆಯಾಕೆ ನೀರಿನ ಬಾಟಲಿ ಎಣಿಸುತ್ತಾರೆ, ಪುಳಿಯೋಗರೆಯ ಡಬ್ಬಿ ಸೋರಿದೆಯೇ ಎಂದು ಮೂಸಿ ನೋಡುತ್ತಾರೆ. ವಿಸಿಟ್ ವೀಸಾದಲ್ಲಿ ಊರಿಂದ ಬಂದ ಅತ್ತೆಯವರು ‘ಇದಕ್ಕಿಂತ ನಮ್ಮ ಹಂಪಿ ವಾಸಿ’ ಎಂದು ತೀರ್ಪು ಕೊಟ್ಟು ನೆರಳು ಹುಡುಕುತ್ತಾರೆ. ಇತಿಹಾಸದ ಮುಂದೆ ನಿಂತು ಅಡುಗೆಮನೆಯ ಲೆಕ್ಕ ಹಾಕುವ ಇಂಥವರನ್ನು ಕಂಡರೆ ಸುಸಂಸ್ಕೃತ ಪ್ರವಾಸಿಗೆ ಕನಿಕರ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಪೆಟ್ರಾವನ್ನು ನೋಡಬೇಕಾದದ್ದೇ ಹೀಗೆ. ಅದು ಲೆಕ್ಕ ಹಾಕುವವರು ಕಟ್ಟಿದ ಊರು. ಲೆಕ್ಕ ಹಾಕುತ್ತ ನೋಡಿದವರಿಗೇ ಅದು ಬಾಯಿ ಬಿಡುತ್ತದೆ.

ಟಿಕೆಟ್ಟಿನಿಂದಲೇ ಶುರು ಮಾಡೋಣ. ಇತ್ತೀಚಿನ ದರಪಟ್ಟಿಯಂತೆ, ದೇಶದಲ್ಲಿ ರಾತ್ರಿ ತಂಗುವ ಪ್ರವಾಸಿಗೆ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55, ಮೂರು ದಿನಕ್ಕೆ 60. ಇದನ್ನು ಓದಿದ ಕೂಡಲೇ ‘ಎರಡನೇ ದಿನ ಬರೀ ಐದು ದಿನಾರ್!’ ಎಂದು ಹಿಗ್ಗಿ ಮೂರು ದಿನದ್ದನ್ನೇ ಕೊಂಡು, ಎರಡನೇ ದಿನ ಮಂಡಿಗೆ ಮುಲಾಮು ಹಚ್ಚಿಕೊಂಡು ಹೋಟೆಲಿನಲ್ಲೇ ಮಲಗುವ ಯಜಮಾನರನ್ನು ನೋಡಿ ನಗುವವರು ನಗಲಿ. ಆದರೆ ಈ ಊರನ್ನು ರಾಜಧಾನಿ ಮಾಡಿಕೊಂಡಿದ್ದ ನಬಾಟಿಯನ್ನರು ಎಂಥವರು? ದಕ್ಷಿಣ ಅರೇಬಿಯಾದ ಧೂಪ, ರಕ್ತಬೋಳಗಳು ಒಂಟೆಗಳ ಬೆನ್ನೇರಿ ಗಾಜಾ ಬಂದರಿನ ಕಡೆ ಹೋಗುತ್ತಿದ್ದ ದಾರಿ ಅವರ ಕೈಯಲ್ಲಿತ್ತು. ಧೂಪದ ಮರ ಬೆಳೆದವರು ಅವರಲ್ಲ, ಅದನ್ನು ದೇವಸ್ಥಾನಗಳಲ್ಲಿ ಸುಟ್ಟು ಪುಣ್ಯ ಕಟ್ಟಿಕೊಂಡವರು ಹೆಚ್ಚಾಗಿ ಬೇರೆಯವರು. ನಡುವೆ ಕೂತು ನೀರು, ಕಾವಲು ಕೊಟ್ಟು ಸುಂಕ ಎತ್ತಿದವರು ಇವರು. ಆಸ್ತಿ ಕರಗಿಸಿಕೊಂಡವನಿಗೆ ಇಲ್ಲಿ ಸಾರ್ವಜನಿಕ ದಂಡ, ಬೆಳೆಸಿದವನಿಗೆ ಸನ್ಮಾನ ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಹಾಗಾದರೆ ಟಿಕೆಟ್ ಕೌಂಟರಿನ ಮುಂದೆ ಸಂಕಟಪಡುವ ನಮ್ಮ ಯಜಮಾನರೇ ಆ ಊರಿನ ನಿಜವಾದ ವಾರಸುದಾರರು. ಪಕ್ಕದಲ್ಲಿ ಬೆಲೆ ಕೇಳದೆ ಕಾರ್ಡ್ ಉಜ್ಜಿದವನು ನಬಾಟಿಯನ್ ಕಾಲದಲ್ಲಾಗಿದ್ದರೆ ದಂಡ ಕಟ್ಟಬೇಕಿತ್ತು.

ನೀರಿನ ಬಾಟಲಿಯ ವಿಷಯವೂ ಹೀಗೆಯೇ. ಪೆಟ್ರಾದ ಹೆಬ್ಬಾಗಿಲು ‘ಸಿಕ್’ ಎಂಬ, ಸುಮಾರು 1.2 ಕಿಲೋಮೀಟರ್ ಉದ್ದದ ಬಂಡೆಯ ಸಂದು. ಎಲ್ಲರೂ ಕತ್ತೆತ್ತಿ ಬಂಡೆಯ ಬಣ್ಣ ನೋಡುತ್ತ ನಡೆದರೆ ನಮ್ಮ ಮನೆಯಾಕೆಯ ಕಣ್ಣು ಪಕ್ಕದ ಗೋಡೆಗೆ ಹೋಗುತ್ತದೆ: ‘ಇಷ್ಟು ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು?’ ಪೆಟ್ರಾದ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದೇ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಒಂದೇ ದಿನ ಸುರಿದರೂ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಆ ಹನಿಗಳನ್ನೇ ಹಿಡಿಯಲು ನಬಾಟಿಯನ್ನರು ಸಿಕ್ಕಿನ ಗೋಡೆಗುಂಟ ಕಾಲುವೆ ಕೊರೆದರು, ಮಣ್ಣಿನ ಕೊಳವೆ ಕೂರಿಸಿದರು. ಹುಚ್ಚುಹೊಳೆ ಒಳನುಗ್ಗದಂತೆ ಬಾಯಲ್ಲಿ ಅಣೆಕಟ್ಟು ಹಾಕಿ, ಸುರಂಗ ತೋಡಿ ಪ್ರವಾಹವನ್ನು ತಿರುಗಿಸಿದರು. ಆ ಹಳೆಯ ವ್ಯವಸ್ಥೆ ಹಾಳುಬಿದ್ದಿದ್ದ 1963ರಲ್ಲಿ ದಿಢೀರ್ ಪ್ರವಾಹ ಬಂದು ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗಳು ತೀರಿಕೊಂಡರು. ಆಮೇಲೆ ಅಣೆಕಟ್ಟನ್ನು ಮತ್ತೆ ಕಟ್ಟಬೇಕಾಯಿತು. ಬಾಯಿ ಕಿರಿದು, ಹೊಟ್ಟೆ ಹಿರಿದು, ಇರುವ ಜಾಗ ತಮಗೆ ಮಾತ್ರ ಗೊತ್ತು ಎಂಬಂಥ ನೆಲತೊಟ್ಟಿಗಳನ್ನೂ ಅವರು ತೋಡಿಕೊಂಡಿದ್ದರು ಎಂದು ಇತಿಹಾಸಕಾರ ಡಯೊಡೋರಸ್ ಹೇಳುತ್ತಾನೆ. ಬೆಂಗಳೂರಿನಲ್ಲಿ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ, ಕಾವೇರಿ ನೀರಿಗಾಗಿ ಅಪರಾತ್ರಿ ಎದ್ದು ಕೂತವರಿಗೆ ಇದನ್ನು ಗೈಡ್ ಬಂದು ವಿವರಿಸಬೇಕಾಗಿಲ್ಲ.

ಇನ್ನು ಪುಳಿಯೋಗರೆ. ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ಟವೆಲ್ ಹಾಸಿ ಡಬ್ಬಿ ಬಿಚ್ಚುವುದು ಅಪಚಾರ ಎನ್ನುತ್ತಾರೆ. ಕಲ್ಲಿಗೆ ಎಣ್ಣೆ ಹತ್ತಿದರೆ ಖಂಡಿತ ಅಪಚಾರವೇ, ಆ ಮಾತಿಗೆ ನನ್ನ ಸಹಿಯೂ ಇದೆ. ಆದರೆ ಗುಂಪಾಗಿ ಉಣ್ಣುವುದು ಈ ಊರಿಗೆ ಹೊಸದಲ್ಲ. ನಬಾಟಿಯನ್ನರು ಹದಿಮೂರು ಹದಿಮೂರು ಜನರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಪ್ರತಿ ಪಂಕ್ತಿಗೆ ಇಬ್ಬರು ಗಾಯಕಿಯರಿರುತ್ತಿದ್ದರು, ಒಮ್ಮೊಮ್ಮೆ ರಾಜನೇ ಬಡಿಸುತ್ತಿದ್ದ ಎಂದು ಅದೇ ಸ್ಟ್ರಾಬೊ ಹೇಳುತ್ತಾನೆ. ಅಧ್ಯಕ್ಷರು ಫೋಟೋ ತೆಗೆಯುವವರೆಗೆ ಮಾತ್ರ ಪಾಯಸ ಬಡಿಸುವ, ಊಟದುದ್ದಕ್ಕೂ ಕರೋಕೆ ನಡೆಯುವ ಕನ್ನಡ ಸಂಘದ ವನಭೋಜನಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ? ಒಂದು ಕಡೆ ಮಾತ್ರ ಹೋಲಿಕೆ ಕೈಕೊಡುತ್ತದೆ, ಒಪ್ಪಿಬಿಡುತ್ತೇನೆ. ನಬಾಟಿಯನ್ನರು ತಮ್ಮತಮ್ಮೊಳಗೆ ಎಂದೂ ವ್ಯಾಜ್ಯ ಹೂಡುತ್ತಿರಲಿಲ್ಲವಂತೆ. ಕೋರ್ಟಿಗೆ ಹೋಗುತ್ತಿದ್ದವರು ಹೊರಗಿನವರು ಮಾತ್ರವಂತೆ. ಒಂದೇ ಊರಿನಲ್ಲಿ ಎರಡು ರಾಜ್ಯೋತ್ಸವ ನಡೆಸುವ ನಾವು ಇಲ್ಲಿ ತಲೆ ತಗ್ಗಿಸಿ ಮುಂದೆ ಸಾಗಬೇಕು.

ಮುಂದೆ ಇರುವುದು, ಎಲ್ಲ ಫೋಟೋಗಳಲ್ಲೂ ಬರುವ ಆ ಸುಮಾರು 40 ಮೀಟರ್ ಎತ್ತರದ ಮುಂಭಾಗ. ಅರಬ್ಬಿಯಲ್ಲಿ ಅದರ ಹೆಸರು ‘ಖಜ್ನೆ’, ಅಂದರೆ ನಮ್ಮ ಖಜಾನೆಯೇ. ಅದು ಗೋರಿಯೆಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ತುದಿಯ ಕಲ್ಲಿನ ಕೊಡದಲ್ಲಿ ಫರೋಹನ ಚಿನ್ನವಿದೆ ಎಂದು ನಂಬಿದವರು ಅದಕ್ಕೆ ಗುಂಡು ಹೊಡೆದ ಗುರುತುಗಳು ಇನ್ನೂ ಇವೆ. ಕೊಡ ಗಟ್ಟಿ ಕಲ್ಲು, ಒಳಗೆ ಏನೂ ಇಲ್ಲ. ನಿಧಿಯಾಸೆಗೆ ಬಸವಣ್ಣನ ಹೊಟ್ಟೆ ಒಡೆಯುವವರ ನಾಡಿನಿಂದ ಬಂದ ಅತ್ತೆಯವರು ಇದನ್ನು ಕೇಳಿ ‘ಎಲ್ಲ ಕಡೆ ಇದೇ ಹಣೆಬರಹ’ ಎಂದರೆ, ತೌಲನಿಕ ಪುರಾತತ್ತ್ವವನ್ನು ನಾಲ್ಕು ಪದಗಳಲ್ಲಿ ಮುಗಿಸಿದ ಹಾಗಾಯಿತು. ಆದರೆ ಅವರ ಹಂಪಿಯ ತೀರ್ಪಿಗೆ ಮಾತ್ರ ಸಣ್ಣ ತಿದ್ದುಪಡಿ ಬೇಕು. ಹೋಲಿಸುವುದು ತಪ್ಪಲ್ಲ, ವಿಳಾಸ ತಪ್ಪಿದೆ. ಹಂಪಿಯದು ಕಲ್ಲು ತಂದು ಪೇರಿಸಿ ಕಟ್ಟಿದ ಗ್ರಾನೈಟಿನ ಲೋಕ. ಕೆಂಪು ಮರಳುಗಲ್ಲಿನ ಬೆಟ್ಟವನ್ನೇ ಕೊರೆದು ಕಂಬ, ಚಾವಣಿ ಬಿಡಿಸಿದ್ದು ಬಾದಾಮಿ. ಅಲ್ಲಿನ ಮೂರನೇ ಗುಹೆ ಕ್ರಿ.ಶ. 578ರದ್ದು, ಖಜ್ನೆಗಿಂತ ಐನೂರಕ್ಕೂ ಹೆಚ್ಚು ವರ್ಷ ಕಿರಿಯದು. ‘ನಮ್ಮ ಬಾದಾಮಿಯ ಅಣ್ಣ’ ಎಂದಿದ್ದರೆ ಅತ್ತೆಯವರ ಮಾತಿಗೆ ಎದುರಾಡುವಂತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ: ಎಲ್ಲಿ ಹೋದರೂ ನಮ್ಮ ಮುಖವನ್ನೇ ಕಾಣುವುದು ಅಹಂಕಾರವಲ್ಲವೇ? ಮುಖ ಅಲ್ಲಿಲ್ಲದಿದ್ದರೆ ಅಹಂಕಾರ. ಆದರೆ ಡಯೊಡೋರಸ್ ಹೇಳುವ ಕಾನೂನೊಂದನ್ನು ನೋಡಿ. ಹಳೆಯ ನಬಾಟಿಯನ್ನರು ಬೆಳೆ ಬಿತ್ತುವಂತಿರಲಿಲ್ಲ, ಹಣ್ಣಿನ ಮರ ನೆಡುವಂತಿರಲಿಲ್ಲ, ಮನೆ ಕಟ್ಟುವಂತಿರಲಿಲ್ಲ, ಕಟ್ಟಿದರೆ ಮರಣದಂಡನೆ. ಆಸ್ತಿಗೆ ಅಂಟಿಕೊಂಡವನನ್ನು ಬಲಶಾಲಿಗಳು ಸುಲಭವಾಗಿ ಬಗ್ಗಿಸುತ್ತಾರೆ ಎಂಬುದು ಕಾರಣ. ಮೂರು ಶತಮಾನ ಕಳೆದು ಸ್ಟ್ರಾಬೊ ಬರೆಯುವ ಹೊತ್ತಿಗೆ ಅದೇ ಜನ ದುಬಾರಿ ಕಲ್ಲಿನ ಮನೆಗಳಲ್ಲಿದ್ದರು. ‘ಎರಡೇ ವರ್ಷ, ಸಾಲ ತೀರಿಸಿ ವಾಪಸು’ ಎಂದು ಎರಡು ಸೂಟ್‌ಕೇಸಿನೊಂದಿಗೆ ಹೋಗಿ, ಮೂವತ್ತು ವರ್ಷ ಬಾಡಿಗೆ ಫ್ಲ್ಯಾಟಿನಲ್ಲಿ ಕಳೆದು, ಬಾಲ್ಕನಿಯ ಕುಂಡದಲ್ಲಿ ಕರಿಬೇವು ಎಬ್ಬಿಸಿ, ಊರಿನಲ್ಲಿ ಐದು ಕೋಣೆಯ ಮನೆ ಕಟ್ಟಿಸಿದವರಿಗೆ ಈ ಕಥೆ ಪರಕೀಯವೇ? ಲೆಕ್ಕ ಬರೆಯುವ ಮಾತೂ ಅಲ್ಲಿಯದೇ: ಜಮಾ, ಬಾಕಿ, ವಸೂಲಿ, ಅಸಲು, ನಗದು ಎಲ್ಲವೂ ಅರಬ್ಬಿ ಮೂಲದವು. ಆ ಅರಬ್ಬಿಯ ಲಿಪಿ ಹುಟ್ಟಿದ್ದು ನಬಾಟಿಯನ್ ಲಿಪಿಯಿಂದ.

ಹಾಗೆಂದು ಲೆಕ್ಕದವರು ಎಲ್ಲ ಲೆಕ್ಕವನ್ನೂ ಹಾಕುತ್ತಾರೆಂದಲ್ಲ. ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇಷ್ಟು ಚೆಂದದ ಊರನ್ನು ಯಾಕೆ ಬಿಟ್ಟು ಹೋದರು? ಭೂಕಂಪ ಎಂದು ಗೈಡ್ ಹೇಳುತ್ತಾನೆ. 363ರಲ್ಲಿ ಅದು ಆದದ್ದೂ ನಿಜ. ಆದರೆ ಊರಿನ ಸೊಂಟ ಅದಕ್ಕೂ ಮೊದಲೇ ಸೋತಿತ್ತು. ಮುಂಗಾರು ಗಾಳಿ ಹಿಡಿದ ಹಡಗುಗಳು ಭಾರತದ ಮೆಣಸನ್ನು ಸೀದಾ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಗೆ ಒಯ್ಯತೊಡಗಿದ್ದವು, 106ರಲ್ಲಿ ರೋಮನ್ನರು ರಾಜ್ಯವನ್ನೇ ನುಂಗಿದ್ದರು, ಉತ್ತರದಲ್ಲಿ ಪಾಲ್ಮೈರಾ ತಲೆಯೆತ್ತಿತ್ತು. ಮರುಭೂಮಿಯ ಇನ್ನೊಂದು ವ್ಯಾಪಾರದ ಊರಿನಿಂದ ಬಂದ ಕುಟುಂಬಕ್ಕೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕೆಲಸ ಬೇರೆ ಕಡೆ ಹೋಯಿತು. ಊರಿನಲ್ಲಿ, ಬೀಗ ಹಾಕಿದ ಆ ಐದು ಕೋಣೆಯ ಮನೆಯ ಮುಂದೆ ನಿಂತು ‘ಇಷ್ಟು ಚೆಂದದ ಮನೆ, ಯಾಕೆ ಬಿಟ್ಟು ಹೋದರು?’ ಎಂದು ಕೇಳುವವರಿಗೆ ಪಕ್ಕದ ಮನೆಯವರು ಕೊಡುವ ಉತ್ತರವೂ ಅದೇ. ಅಲ್ಲಿಗೆ ಟಿಕೆಟ್ ಇಲ್ಲ, ಅಷ್ಟೇ ಉಳಿತಾಯ.