ಟೆಸ್ಟರ್ ಮಾಸ್ತರು

ರಿಟೈರಾದ ಮೇಲೆ ಕೆಲವರು ಜಪಮಾಲೆ ಹಿಡಿಯುತ್ತಾರೆ, ಕೆಲವರು ಪಂಚಾಯಿತಿ ಕಟ್ಟೆ ಹಿಡಿಯುತ್ತಾರೆ. ನಮ್ಮ ವಿಜ್ಞಾನದ ಮಾಸ್ತರು ಸ್ಕ್ರೂಡ್ರೈವರ್ ಹಿಡಿದರು. ಜೇಬಿನಲ್ಲಿ ಕೆಂಪು ಪೆನ್ನು ಇದ್ದ ಜಾಗಕ್ಕೆ ಟೆಸ್ಟರ್ ಬಂತು. ಇಂಥವರು ತಿಕೋಟಾದಲ್ಲೂ ಇದ್ದಾರೆ, ಬಬಲೇಶ್ವರದಲ್ಲೂ ಇದ್ದಾರೆ, ವಿಜಯಪುರದಲ್ಲಂತೂ ಓಣಿಗೊಬ್ಬರು. ನಮ್ಮ ಪಾಲಿನವರು ಭೂತನಾಳದವರು.

ಅವರ ಸಿದ್ಧಾಂತ ಒಂದೇ: “ಜಗತ್ತಿನಾಗ ಕೆಟ್ಟದ್ದು ಯಾವುದೂ ಇಲ್ರಿ, ಸಡ್ಲ ಆಗಿರ್ತೈತಿ, ಅಷ್ಟ.” ಟಿ.ವಿ.ಗೂ ಇದೇ, ಮಿಕ್ಸರಿಗೂ ಇದೇ, ಮುರಿದ ಮದುವೆ ಮಾತುಕತೆಗೂ ಇದೇ. ಆದರೆ ಅವರಿಗೆ ನಿಜವಾದ ಮೋಹ ಹಳೆಯ ಕಂಪ್ಯೂಟರಿನದು. ಹೊಸ ಲ್ಯಾಪ್‌ಟಾಪ್ ಕಂಡರೆ ಮುಖ ತಿರುಗಿಸುತ್ತಾರೆ. “ಅದರಾಗ ಬಿಚ್ಚಾಕ ಏನೈತ್ರಿ? ಎಲ್ಲಾ ಅಂಟಿಸಿಬಿಟ್ಟಾರ.”

ಅವರದೇ ಮನೆಯ ಕಂಪ್ಯೂಟರ್ ಇನ್ನೂ ವಿಂಡೋಸ್ ಎಕ್ಸ್‌ಪಿಯಲ್ಲೇ ನಡೆಯುತ್ತದೆ. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟದ್ದು 2014ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆಯಿತು. ಮಾಸ್ತರು ಎರಡನ್ನೂ ಗಮನಕ್ಕೆ ತೆಗೆದುಕೊಂಡಿಲ್ಲ. ನುಡಿ ತಂತ್ರಾಂಶದಲ್ಲಿ ಅವರು ಟೈಪ್ ಮಾಡಿಕೊಡುವ ಅರ್ಜಿಗಳ ಕೆಳಗೆ ಇವತ್ತಿಗೂ “ಜಿ. ಬಿಜಾಪುರ” ಎಂದೇ ಇರುತ್ತದೆ. ಫೈಲು ಹಳೆಯದು, ಅದರ ಮೇಲೆಯೇ ತಿದ್ದುವುದು ಅವರ ಪದ್ಧತಿ.

ಯಾರ ಮನೆಯಿಂದ ಕರೆ ಬಂದರೂ ಚಿಕಿತ್ಸೆಯ ಕ್ರಮ ಬದಲಾಗುವುದಿಲ್ಲ. ಮೊದಲು ಪ್ಲಗ್ ಕೀಳುತ್ತಾರೆ. ಆ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಆಮೇಲೆ ಖಂಡೇ ಪೂಜೆಯಲ್ಲಿ ಬಳಿದ ವಿಭೂತಿ ಅಳಿಸದಂತೆ ಡಬ್ಬಿಯ ಪಕ್ಕದ ತಗಡು ತೆಗೆದು ಒಳಗೆ ಉಫ್ ಎಂದು ಊದುತ್ತಾರೆ. ನಮ್ಮ ಕಡೆಯ ಧೂಳಿನ ಬಗ್ಗೆ ಹೇಳುವುದೇ ಬೇಡ. ಊದಿದವರ ಮೀಸೆ ಬೆಳ್ಳಗಾಗುತ್ತದೆ. ಮುಂದೆ ರ‍್ಯಾಮ್ ಕಿತ್ತು, ಅದರ ಹೊಳೆಯುವ ಹಲ್ಲುಗಳನ್ನು ಯಾವುದೋ ಕಾಲದ ಪರೀಕ್ಷೆಯಲ್ಲಿ ಹುಡುಗನೊಬ್ಬನಿಂದ ಕಸಿದುಕೊಂಡಿದ್ದ ರಬ್ಬರಿನಿಂದ ಉಜ್ಜುತ್ತಾರೆ. ಗಡಿಯಾರ 2002ಕ್ಕೆ ಓಡಿಹೋಗಿದ್ದರೆ ಬಿಲ್ಲೆಯಂಥ ಸೆಲ್ ಬದಲಿಸುತ್ತಾರೆ. ಆಗ ಚಹಾ ತಂದ ಹುಡುಗಿಗೂ ಪಾಠ ತಪ್ಪುವುದಿಲ್ಲ: “ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2. ಹೆಸರಿನಾಗನ ಅಳತಿ ಐತಿ. ವೋಲ್ಟ್ ಎಷ್ಟು, ಹೇಳು?” ಮೂರು ಎಂದು ಹೇಳುವವರೆಗೆ ಚಹಾ ಮುಟ್ಟುವುದಿಲ್ಲ.

ಈ ಬೇಸಿಗೆಯಲ್ಲಿ ಅವರ ಸಿದ್ಧಾಂತಕ್ಕೇ ಕುತ್ತು ತಂದದ್ದು ಹಿಂದಿನ ಓಣಿಯ ಒಂದು ಡಬ್ಬಿ. ಕಂಪ್ಯೂಟರ್ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ತಗಡು ಮುಟ್ಟಿದರೆ ಕೈ ಝುಮ್ ಎನ್ನುತ್ತಿತ್ತು, ಸ್ಪೀಕರಿನಲ್ಲಿ ಸದಾ ಗುಂಯ್. ಮಳೆಗಾಲದಲ್ಲಿ ಈ ಕಾಟ ಇಲ್ಲ, ಯುಗಾದಿ ದಾಟಿತೆಂದರೆ ಶುರು.

“ಕರೆಂಟ್ ಹೊಡಿತೈತ್ರಿ ಸರ್,” ಅಂದಳು ಆ ಮನೆಯ ಸೊಸೆ.

ಮಾಸ್ತರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ತಗಡಿನ ಮೇಲೆ ಅಂಗೈ ಊರಿದರು. “ನನಗ ಬರವಲ್ದಲ್ಲವಾ?”

ಸೊಸೆ ಮುಟ್ಟಿದಳು, ಝುಮ್. ಮಗ ಮುಟ್ಟಿದ, ಝುಮ್. ಮಾಸ್ತರು ಮುಟ್ಟಿದರು, ಏನಿಲ್ಲ. “ಭ್ರಮಾ,” ಎಂದರು. ಟೆಸ್ಟರ್ ಇಟ್ಟರೆ ದೀಪ ಮಿಣುಕಿತು. ಕೆಟ್ಟದ್ದು ಯಾವುದೂ ಇಲ್ಲ ಎನ್ನುವವರು ಅಂದು ಮೊದಲ ಸಲ ಒಂದು ವಸ್ತು ಕೆಟ್ಟಿದೆ ಎಂದು ಒಪ್ಪಿಕೊಂಡರು: ಟೆಸ್ಟರ್.

ಆದರೂ ಬಿಚ್ಚದೆ ಎದ್ದುಹೋಗುವ ಜಾಯಮಾನ ಅವರದಲ್ಲ. ಊದಿದ್ದಾಯಿತು, ಉಜ್ಜಿದ್ದಾಯಿತು, ಸೆಲ್ ಬದಲಿಸಿದ್ದಾಯಿತು, ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಕೂಡ ಹೊಸದು ಬಂತು. ಝುಮ್ ಮಾತ್ರ ಹೋಗಲಿಲ್ಲ. ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ಆಯಿ ತಲೆ ಎತ್ತದೆ ಹೇಳಿದಳು: “ಮಾಸ್ತರ, ಮನಿಗೆ ಮಂದಿ ಬಂದು ಉಂಡು ಹೋದ ದಿನ ಅದು ಸುಮ್ಮನ ಇರ್ತೈತಿ ನೋಡ್ರಿ.”

ಮಾಸ್ತರು ನಕ್ಕರು. ವಿಜ್ಞಾನಕ್ಕೂ ಊಟಕ್ಕೂ ಏನು ಸಂಬಂಧ? ನಗುವ ಭರದಲ್ಲಿ ಕೈಯಲ್ಲಿದ್ದ ಸ್ಕ್ರೂ ಜಾರಿ ಉರುಳಿತು. ಅದನ್ನು ಹುಡುಕಲು ಕುರ್ಚಿಯಿಂದ ಇಳಿದು, ಆಗಷ್ಟೇ ಒರೆಸಿದ್ದ ಹಸಿ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು, ಆಸರೆಗೆಂದು ಡಬ್ಬಿ ಹಿಡಿದರು.

“ಹಾಂ!”

ಆ ಕೂಗಿನಲ್ಲಿ ನೋವಿಗಿಂತ ಸಂತೋಷವೇ ಹೆಚ್ಚಿತ್ತು. ಕೂಡಲೇ ಸುತ್ತ ಇದ್ದವರೆಲ್ಲ ವಿದ್ಯಾರ್ಥಿಗಳಾದರು. ಪಾಠದ ಸಾರಾಂಶ ಇಷ್ಟು: ಎಸ್‌ಎಂಪಿಎಸ್ಸಿನ ಬಾಯಲ್ಲಿ ಗದ್ದಲ ಸೋಸುವ ಎರಡು ಪುಟ್ಟ ಕೆಪ್ಯಾಸಿಟರ್ ಇರುತ್ತವೆ. ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥಿಂಗ್ ಚೆನ್ನಾಗಿದ್ದರೆ ಸೋರಿದ ಚೂರು ಕರೆಂಟು ಮೂರನೇ ಪಿನ್ನಿನಿಂದ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ತಗಡು 230 ವೋಲ್ಟಿನ ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಹರಿಯುವ ಕರೆಂಟು ಅತ್ಯಲ್ಪ. ಆದರೆ ಬರಿಗಾಲಿಗೆ ತಿಳಿಯುತ್ತದೆ, ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಪಂಡಿತರಿಗೆ ತಿಳಿಯುವುದಿಲ್ಲ. ಈ ಕೊನೆಯ ಮಾತನ್ನು ಮಾಸ್ತರು ಹೇಳಲಿಲ್ಲ, ಸೊಸೆಯ ಮುಖ ಹೇಳಿತು.

“ಆದಿಲಶಾಹಿಗಳು ತೊರವಿಯಿಂದ, ಬೇಗಂ ತಾಲಾಬದಿಂದ ನೆಲದೊಳಗಿನ ಕೊಳವಿಯಾಗ ಊರಿಗೆ ನೀರು ತಂದ್ರು. ಒತ್ತಡ ಹೆಚ್ಚಾಗಿ ಕೊಳವಿ ಒಡೀಬಾರ್ದಂತ ನಡುನಡುವ ಗಂಜ್ ಅನ್ನೋ ನೀರಿನ ಗೋಪುರ ಕಟ್ಟಿಸಿದ್ರು. ಅರ್ಥಿಂಗೂ ಹಂಗ,” ಎನ್ನುತ್ತ ಮಾಸ್ತರು ಹಿತ್ತಲಿಗೆ ನಡೆದರು.

ಕರಿಬೇವಿನ ಗಿಡದ ಬುಡದಲ್ಲಿ ಅರ್ಥಿಂಗಿನ ಪೈಪು ನಿಂತಿತ್ತು, ಅದರ ಸುತ್ತಲಿನ ಎರೆಮಣ್ಣು ಬಿರಿದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಎರೆಮಣ್ಣಿನ ಗುಣವೇ ಅದು: ನೀರು ಕುಡಿದರೆ ಹಿಗ್ಗಿ ಪೈಪನ್ನು ಅಪ್ಪುತ್ತದೆ, ಒಣಗಿದರೆ ಬಿಟ್ಟು ದೂರ ಸರಿಯುತ್ತದೆ. ಬೇಸಿಗೆಯಲ್ಲಿ ಆಯಿ ಪಾತ್ರೆ ತೊಳೆದ ನೀರನ್ನೆಲ್ಲ ಮುಂಬಾಗಿಲ ಮಲ್ಲಿಗೆಗೆ ಹಾಕುತ್ತಾಳೆ. ಮಂದಿ ಉಂಡ ದಿನ ರಾಶಿ ಪಾತ್ರೆಯನ್ನು ಹಿತ್ತಲಲ್ಲೇ ತಿಕ್ಕುತ್ತಾರೆ, ನೀರು ಅರ್ಥಿಂಗಿನ ಗುಂಡಿಗೆ ಹರಿಯುತ್ತದೆ. ವಿಜಯಪುರಕ್ಕೆ ಕುಡಿಯುವ ನೀರು ಕೊಟ್ಟ ಭೂತನಾಳ ಕೆರೆಯ ಊರಿನಲ್ಲಿ ಆ ಗುಂಡಿಗೆ ಮಾತ್ರ ಒಂದು ಬಕೆಟ್ ಸಿಕ್ಕಿರಲಿಲ್ಲ.

ನೀರು ಹೊಯ್ದು ಸ್ವಲ್ಪ ಹೊತ್ತು ಕಾದರು. ಸೊಸೆ ಹೆದರುತ್ತಲೇ ಮುಟ್ಟಿದಳು. ಝುಮ್ ಇಲ್ಲ, ಗುಂಯ್ ಇಲ್ಲ. ವೈರ್‌ಮನ್ನನ್ನು ಕರೆಸಿ ಇದ್ದಿಲು, ಉಪ್ಪು ತುಂಬಿ ಗುಂಡಿಯನ್ನು ಹೊಸದಾಗಿ ಮಾಡಿಸಬೇಕೆಂದು ಮಾಸ್ತರು ಚೀಟಿ ಬರೆದುಕೊಟ್ಟರು. ಟೆಸ್ಟರನ್ನು ಅಂಗಿಯ ತುದಿಯಿಂದ ಒರೆಸಿ ಗೌರವದಿಂದ ಜೇಬಿಗೇರಿಸಿದರು.

ಆಯಿ ಮಾತ್ರ ಬಿಡಲಿಲ್ಲ. “ಒಂದ ಬಕೆಟ್ ನೀರಿನ ಕೆಲಸಕ್ಕ ಆ ಡಬ್ಬಿ ಯಾಕ ಅಷ್ಟ ಬಿಚ್ಚಿದ್ರಿ ಮಾಸ್ತರ?”

“ಬಿಚ್ಚದ ಹ್ಯಾಂಗ ಗೊತ್ತಾಗ್ಬೇಕ್ರಿ ಆಯಿ,” ಅಂದರು ಮಾಸ್ತರು, “ಒಳಗ ಏನೂ ಆಗಿಲ್ಲಂತ?”