ವಾಯದಾ ಕಾಕಾ

ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಸಪ್ತಾಪುರವಿರಲಿ, ಮುಂದಿನ ತಿಂಗಳ ಮಾಲಿಗೆ ಇಂದೇ ದರ ಕಟ್ಟಿ ಸೌದಾ ಮಾಡುವ ವಾಯದಾ ಕಾಕಾ ಓಣಿಗೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ರೈಲ್ವೆಯಿಂದಲೋ ನಿವೃತ್ತಿ, ಕಿಸೆಯಲ್ಲಿ ಎರಡು ಮೊಬೈಲು, ಬಾಯಲ್ಲಿ ಮೂರು ಊರು: ಜೀರಿಗೆಯ ಊಂಝಾ, ಅರಿಶಿನದ ನಿಜಾಮಾಬಾದ್, ಗವಾರದ ಜೋಧಪುರ. ಮೂರನ್ನೂ ಅವರು ಕಣ್ಣಾರೆ ಕಂಡಿಲ್ಲ.

"ಜೋಧಪುರದಾಗ ಮಳಿ ಕೈ ಕೊಟ್ಟೈತಿ, ಗವಾರ ಏರತೈತಿ ನೋಡ್ರಿ" ಎಂದು ಗಿರ್ಮಿಟ್ ತಿನ್ನುತ್ತ ಭವಿಷ್ಯ ಹೇಳುತ್ತಾರೆ. ಕುಂದಗೋಳದಲ್ಲಿ ತಂದೆ ಬಿಟ್ಟುಹೋದ ಎರಿಹೊಲ ಲಾವಣಿಗೆ ಹೋಗಿದೆ. ಅಲ್ಲಿ ಮಳೆ ಆಯಿತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಮಾತ್ರ ಕಾಕಾ ತಬ್ಬಿಬ್ಬಾಗುತ್ತಾರೆ.

ಗವಾರವೆಂದರೆ ಬೇರೇನೂ ಅಲ್ಲ, ಕಾಕೂ ಪಲ್ಯ ಮಾಡುವ ಚವಳಿಕಾಯಿಯೇ. ಅದರ ಬೀಜದ ಅಂಟು ಅಮೆರಿಕದ ಶೇಲ್ ಬಾವಿಗಳಿಗೆ ಬೇಕಾಗಿ 2012ರಲ್ಲಿ ಬೆಲೆ ಹೇಗೆ ಹಾರಿತೆಂದರೆ, ಸರ್ಕಾರದ ನಿಯಂತ್ರಕರು ವಾಯದಾ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಆ ವರ್ಷ ತಾವು ಕೊಳ್ಳದೆ ಉಳಿದ ಗವಾರದ ಲಾಭವನ್ನು ಕಾಕಾ ಇವತ್ತಿಗೂ ಎಣಿಸುತ್ತಿದ್ದಾರೆ.

ಲೆಕ್ಕದಲ್ಲಿ ಅವರನ್ನು ಸೋಲಿಸುವವರಿಲ್ಲ. ಅರಿಶಿನದ ಒಂದು ಲಾಟು 5 ಟನ್, ಅಂದರೆ 50 ಕ್ವಿಂಟಲ್. ಕ್ವಿಂಟಲಿಗೆ 100 ರೂಪಾಯಿ ಏರಿದರೆ 5,000 ಬಂತು. ಇಷ್ಟು ಹೇಳಿ ಚಹಾ ಕುಡಿಯುತ್ತಾರೆ. 100 ರೂಪಾಯಿ ಇಳಿದರೆ ಅದೇ 5,000 ಅಂದೇ ಖಾತೆಯಿಂದ ಹೋಗುತ್ತದೆ, ಮಾರ್ಜಿನ್ ತುಂಬಿರೆಂದು ದಲಾಲಿ ಕಚೇರಿಯಿಂದ ಫೋನು ಬರುತ್ತದೆ ಎಂಬ ಉತ್ತರಾರ್ಧ ಚಹಾದ ಜೊತೆ ಒಳಗೆ ಹೋಗುತ್ತದೆ. ಲಾಭವಾದ ದಿನ ಕಾಕಾ ದರ ಹೇಳುತ್ತಾರೆ, ಲುಕ್ಸಾನಾದ ದಿನ ಹವಾಮಾನ ಹೇಳುತ್ತಾರೆ.

ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ಮನೆಯಲ್ಲಿ ಮಾತು ಕಡಿಮೆ. ಅಂದು ವಾಯದಾ ಮುಗಿಯುತ್ತದೆ. ಅಷ್ಟರೊಳಗೆ ಸೌದಾ ಚುಕ್ತಾ ಮಾಡದಿದ್ದರೆ 5 ಟನ್ ಅರಿಶಿನಕ್ಕೆ ಪೂರ್ತಿ ದುಡ್ಡು ಕಟ್ಟಿ, ನಿಜಾಮಾಬಾದಿನ ಗೋದಾಮಿನಲ್ಲಿ ಮಾಲು ತಮ್ಮದೆಂದು ಒಪ್ಪಿಕೊಳ್ಳಬೇಕು. "ಅಷ್ಟು ಅರಿಶಿಣ ತಂದು ಏನ್ ಮಾಡ್ತೀರಿ, ಓಣಿಗೆಲ್ಲಾ ಮದವಿ ಮಾಡಸ್ತೀರೇನು?" ಎಂದು ಕಾಕೂ ಕೇಳಿದ್ದುಂಟು.

ಹೀಯಾಳಿಸಿದರೆ ಕಾಕಾ ಇತಿಹಾಸ ತೆಗೆಯುತ್ತಾರೆ. ಅದರಲ್ಲಿ ಸುಳ್ಳಿಲ್ಲ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರ್ ಗಿರಣಿಗಳಿಗೆ ಹತ್ತಿ ತಪ್ಪಿದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಇಲ್ಲಿಯ ಹತ್ತಿಗೆ ಪೇಟೆಯಲ್ಲಿ ಕುಮಟಾ ಎಂದೇ ಹೆಸರಿತ್ತು. 1865ರಲ್ಲಿ ಯುದ್ಧ ನಿಂತಿತು, ದರ ಕುಸಿಯಿತು, ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ಕಾಕಾ ಈ ಕಥೆಯನ್ನು 1864ಕ್ಕೇ ಮುಗಿಸುತ್ತಾರೆ.

ಮಾಲು ಕಣ್ಣಾರೆ ಕಾಣಬೇಕೆಂದರೆ ಅಮರಗೋಳದ ಎಪಿಎಂಸಿಗೆ ಚಿಗರಿ ಬಸ್ಸಿನಲ್ಲಿ ಹೋಗಿಬರುವುದು ದೊಡ್ಡ ಮಾತಲ್ಲ. ಕಾಕಾ ಮಾತ್ರ ಅಲ್ಲಿ ಇಳಿಯುವುದಿಲ್ಲ. ಅಲ್ಲಿಯ ಧೂಳು ಮೊಬೈಲಿಗೆ ಆಗಿಬರುವುದಿಲ್ಲವಂತೆ.

ವಾಯದಾ ಪೇಟೆ ಹುಟ್ಟಿದ್ದು ಮಾಲು ಇದ್ದವರಿಗಾಗಿ: ಸುಗ್ಗಿಯಲ್ಲಿ ದರ ಬಿದ್ದೀತೆಂಬ ಭಯವಿರುವವನು ಇಂದೇ ಬೆಲೆ ಕಟ್ಟಿಕೊಳ್ಳಲಿ ಎಂದು. ಆದರೆ 2021ರ ಡಿಸೆಂಬರ್ 20ರಂದು ಪೇಟೆಯ ನಿಯಂತ್ರಕ ಸೆಬಿ ಏಳು ಸರಕುಗಳ ವಾಯದಾವನ್ನು ತಡೆಹಿಡಿದಾಗ ಧಾರವಾಡ ಜಿಲ್ಲೆಯ ಹೆಸರು, ಕಡಲೆ, ಸೋಯಾಬೀನ್ ಮೂರೂ ಆ ಪಟ್ಟಿಯಲ್ಲಿದ್ದವು. ಒಂದು ವರ್ಷಕ್ಕೆಂದು ಬಂದ ತಡೆ ಮುಂದುವರಿಯುತ್ತ 2025ನ್ನೂ ದಾಟಿತು. ಅಷ್ಟು ವರ್ಷ ಒಂದು ಕಾಳೂ ಇಲ್ಲದ ಕಾಕಾ ದಿನವಿಡೀ ಜೀರಿಗೆ, ಅರಿಶಿನ ಮಾರಿದರು. ಟ್ರ್ಯಾಕ್ಟರ್ ತುಂಬ ಹೆಸರು ತಂದ ನವಲಗುಂದದ ರೈತ ಅವತ್ತಿನ ಟೆಂಡರಿನಲ್ಲಿ ಬಂದ ದರಕ್ಕೇ ಮಾರಿ ಹೋದ.